ಓಡೋಕೆ ನಾವು, ಆಡೋಕೆ ಅವರಾ?



ಮಕ್ಕಳ ಫುಟ್‌ಬಾಲ್ ಕೋಚಿಂಗ್‌ನ ಮೊದಲ ಹಂತದ ಕೋರ್ಸ್ ಮುಗಿಸಿ ಬಂದೆ ಅಂತ ಫೋಟೋ ಹಾಕಿದ್ದೆ. "ಅಕ್ಕಾ, ಹೋರಾಟ ಬಿಟ್ಟು ಪೀಪಿ ಊದೋಕೆ ಹೊರಟ್ರಾ?" ಅಂತ ಸುಮಾರು ಜನ ಕಾಲೆಳೆದ್ರಿ. ತಮಾಷೆಗೇ ಅಂತ ಗೊತ್ತು. ಆದ್ರೂ ಇದನ್ನ ಸ್ವಲ್ಪ ಉದ್ದಕ್ಕೇ ಬರೀಬೇಕು ಅನ್ನಿಸಿತು. ಬಿಡುವಿದ್ದಾಗ ಓದಿ.

ನಮ್ಮ ಪೌರಕಾರ್ಮಿಕರ ಕಾಲೋನಿಯಲ್ಲಿ ಸಂಜೆ ಟ್ಯೂಷನ್ ನಡೆಸ್ತೀವಿ, ಗೊತ್ತಲ್ಲ. ಮಕ್ಕಳನ್ನ ಅಲ್ಲಿಗೆ ಎಳೆಯೋಕೆ ಅಂತಲೇ ಚೆಂಡು ತಂದಿದ್ದು. ಈಗ ಚೆಂಡಿಗೆ ಬರೋರು ಮೂವತ್ತೆರಡು, ಲೆಕ್ಕಕ್ಕೆ ಕೂರೋರು ಹತ್ತು! ಹನ್ನೆರಡು ವರ್ಷದೊಳಗಿನವರ ಒಂದು ಟೂರ್ನಮೆಂಟ್‌ಗೆ ತಂಡ ಕಳಿಸೋಣ ಅಂತ ಹೋದರೆ, "ಲೈಸೆನ್ಸ್ ಇರೋ ಕೋಚ್ ಯಾರು?" ಅಂದ್ರು. ನಮ್ಮಲ್ಲಿ ಯಾರೂ ಇರಲಿಲ್ಲ. ಸಂಘದವರು ಚಂದಾ ಎತ್ತಿ ಫೀಸ್ ಕಟ್ಟಿ ನನ್ನನ್ನ ಕಳಿಸಿದ್ರು.

ಈ ಕೋರ್ಸ್‌ಗಳದ್ದೂ ಒಂದು ಏಣಿ. ಕೆಳಗೆ ನಮ್ಮ ದೇಶದ ಫೆಡರೇಷನ್ನಿನವು, ಅದರ ಮೇಲೆ ಏಷ್ಯಾ ಒಕ್ಕೂಟದ ಸಿ, ಬಿ, ಎ, ಕೊನೆಗೆ ಪ್ರೊ. ನಾನಿರೋದು ಅತೀ ಕೆಳಗಿನ ಮೆಟ್ಟಿಲಲ್ಲಿ. ಕೆಳಗಿನ ಮೆಟ್ಟಿಲು ನಮಗೇನು ಹೊಸದಲ್ಲ ಬಿಡಿ. ಈ ಏಣಿಯಲ್ಲಿ ಹತ್ತೋಕಾದ್ರೂ ಬಿಡ್ತಾರೆ.

ಕೋರ್ಸ್‌ನಲ್ಲಿ ಇಪ್ಪತ್ತನಾಲ್ಕು ಜನ, ಹೆಂಗಸರು ಮೂವರು. ಹಸಿರು ಟರ್ಫ್, ಸುತ್ತ ಬಲೆ, ಗಂಟೆಗೆ ಸಾವಿರಕ್ಕೂ ಮೇಲೆ ಬಾಡಿಗೆ. ಪಾಠ ಅರ್ಧ ಇಂಗ್ಲಿಷು, ಅರ್ಧ ಹಿಂದಿ. ನನ್ನ ಸರದಿ ಬಂದಾಗ "ಸರ್, ನಾನು ಕನ್ನಡದಲ್ಲೇ ಮಾಡಿಸ್ತೀನಿ, ನಮ್ಮ ಮಕ್ಕಳಿಗೆ ಅದೇ ಬೇಕಾಗೋದು" ಅಂದೆ. ಬೋಧಕರು ಒಳ್ಳೆಯವರು, ಮಾಡಿ ಅಂದ್ರು. "ತಲೆ ಎತ್ತು, ಸುತ್ತ ನೋಡು, ಆಮೇಲೆ ಒದಿ" ಅಂತ ಕೂಗಿದೆ. ಎಲ್ಲರಿಗೂ ಅರ್ಥವಾಯ್ತು.

ಮೊದಲ ದಿನದ ಪಾಠವೇ ಸಾಲಿನ ಬಗ್ಗೆ. ಒಬ್ಬರು ಹದಿನಾರು ಜನರನ್ನ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಾಗಿ ಗೋಲಿಗೆ ಒದೆಸಿದ್ರು. ಬೋಧಕರು ಸುಮ್ಮನೆ ಗಡಿಯಾರ ಹಿಡ್ಕೊಂಡು ನಿಂತಿದ್ರು. ಲೆಕ್ಕ ನೋಡಿ: ಒಬ್ಬರಿಗೆ 15 ಸೆಕೆಂಡು ಅಂದ್ರೂ ಹತ್ತು ನಿಮಿಷದಲ್ಲಿ ನಲವತ್ತು ಒದೆತ. ಹದಿನಾರು ಜನಕ್ಕೆ ಹಂಚಿದರೆ ತಲಾ ಎರಡೋ ಮೂರೋ. ಉಳಿದ ಒಂಬತ್ತು ನಿಮಿಷ ಮಗು ಏನು ಮಾಡ್ತು? ಸಾಲಲ್ಲಿ ನಿಂತಿತ್ತು. ಆಮೇಲೆ ಅದೇ ಹದಿನಾರು ಜನರನ್ನ ನಾಲ್ಕು ನಾಲ್ಕಾಗಿ ಒಡೆದು, ಚಿಕ್ಕ ಚಿಕ್ಕ ಗೋಲು ಇಟ್ಟು, ಪಕ್ಕಪಕ್ಕದಲ್ಲಿ ಎರಡು ಆಟ ಆಡಿಸಿದ್ರು. ಹನ್ನೊಂದು-ಹನ್ನೊಂದರ ಆಟದಲ್ಲಿ ಇಪ್ಪತ್ತೆರಡು ಜನಕ್ಕೆ ಒಂದು ಚೆಂಡು. ಇಲ್ಲಿ ಎಂಟು ಜನಕ್ಕೆ ಒಂದು. ಅಡಗಿಕೊಳ್ಳೋಕೆ ಜಾಗ ಇಲ್ಲ, ಕಾಯೋ ಕೆಲಸವೂ ಇಲ್ಲ.

ಮಗುವಿಗೆ ಎಷ್ಟು 'ಟಚ್' ಸಿಕ್ತು ಅನ್ನೋದೇ ಇವರಿಗೆ ಅಳತೆ. ಚೆಂಡನ್ನು ಎಷ್ಟು ಸಲ ಮುಟ್ಟಿತು ಅಂತ ಕೂತು ಎಣಿಸ್ತಾರೆ. ಮುಟ್ಟಿಸಿಕೊಳ್ಳಬಾರದು ಅಂತ ಊರಾಚೆ ಇಟ್ಟ ಜನರ ಮಗಳು ನಾನು. ಮುಟ್ಟಿದ್ದನ್ನು ಎಣಿಸಿ, ಇನ್ನೂ ಜಾಸ್ತಿ ಆಗಲಿ ಅಂತ ಒಂದು ವಿದ್ಯೆ ಹೇಳೋದನ್ನ ಕೇಳಿ ನಗು ಬಂತು, ಜೊತೆಗೇ ಗಂಟಲೂ ಕಟ್ಟಿತು.

ಊಟದ ಹೊತ್ತಲ್ಲಿ ಇನ್ನೊಂದು ಪಾಠ ಆಯ್ತು. "ನಿಮ್ಮ ಮಕ್ಕಳು ಯಾವ ಏರಿಯಾದವರು?" ಅಂತ ಒಬ್ಬ ಅಕಾಡೆಮಿ ಕೋಚ್ ಕೇಳಿದ್ರು. ಹೇಳಿದೆ. "ಓ, ಆ ಕಡೆ ಮಕ್ಕಳಿಗೆ ನ್ಯಾಚುರಲ್ ಸ್ಟ್ಯಾಮಿನಾ ಇರುತ್ತೆ ಮೇಡಂ. ಡಿಫೆನ್ಸ್‌ಗೆ ಹಾಕಿ, ಓಡಿಸಿ. ಮಿಡ್‌ಫೀಲ್ಡ್‌ಗೆ ತಲೆ ಬೇಕು." ಬೈಗುಳ ಅಲ್ಲ, ಹೊಗಳಿಕೆ ಅಂತಲೇ ಹೇಳಿದ್ದು! "ಅವರ ಅಮ್ಮಂದಿರನ್ನೂ ಹಿಂಗೇ ಹೊಗಳಿ ಹೊಗಳಿ ಪೊರಕೆ ಕೊಟ್ಟಿದ್ದಾರೆ ಸರ್" ಅಂದೆ. ಅವರು ಮೊಸರನ್ನದ ಕಡೆ ನೋಡ್ತಾ ಕೂತ್ರು.

ಇದು ಇವತ್ತಿನ ಮಾತಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಚಮ್ಮಾರ ಸಮುದಾಯದವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳೋ ಕೆಲಸ. ಇಂಗ್ಲಿಷ್ ಅಧಿಕಾರಿಗಳಿಗೆ ನೆಟ್‌ನಲ್ಲಿ ಗಂಟೆಗಟ್ಟಲೆ ಬೌಲಿಂಗ್ ಹಾಕ್ತಿದ್ರು, ಆದ್ರೆ ಅವರ ಕೈಗೆ ಬ್ಯಾಟ್ ಕೊಡ್ತಿರಲಿಲ್ಲ. ಮುಂದೆ ಹಿಂದೂಗಳ ತಂಡ ಸೇರಿದಾಗ ಮೈದಾನದಲ್ಲಿ ಚೆಂಡು ಒಂದೇ, ಚಹಾಕ್ಕೆ ಮಾತ್ರ ಅವರಿಗೆ ಹೊರಗಡೆ ಬೇರೆ ಮಣ್ಣಿನ ಲೋಟ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಆದ್ರೂ ನಾಯಕತ್ವ ಅವರ ಕೈಗೆ ಬರಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲರಿಗೆ ಸಿಕ್ಕಿತು. (ಇದೇ ಬಾಲೂ 1937ರಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತರು. ಆ ಕಥೆ ಇನ್ನೊಂದು ದಿನ.) ಬೆವರು ಸುರಿಸೋ ಕೆಲಸ ನಮಗೆ, ತೀರ್ಮಾನ ಮಾಡೋ ಕೆಲಸ ಅವರಿಗೆ. ಕ್ರಿಕೆಟ್ ಹೋಗಿ ಫುಟ್‌ಬಾಲ್ ಬಂದರೂ ಸ್ಟ್ಯಾಮಿನಾ ಅನ್ನೋ ಮಾತಿನೊಳಗೆ ಇದೇ ಕೂತಿದೆ.

ಫುಟ್‌ಬಾಲ್ ನಮ್ಮದಲ್ಲ ಅನ್ನೋರು ಒಂದ್ಸಲ ಹಲಸೂರಿನ ಗೌತಮಪುರಕ್ಕೆ ಹೋಗಿ ಬನ್ನಿ. ಬುದ್ಧ, ಬಾಬಾಸಾಹೇಬ್, ಮದರ್ ತೆರೇಸಾ ಜೊತೆ ಅಲ್ಲಿ ಪೆಲೆಯ ಪ್ರತಿಮೆಯೂ ಇದೆ. ಆ ಗಲ್ಲಿಗಳಿಂದ ಎಷ್ಟು ಆಟಗಾರರು ಬಂದರು ಅಂತ ಅಲ್ಲಿಯ ಹಿರಿಯರನ್ನು ಕೇಳಿದ್ರೆ ಸಂಜೆ ಸಾಲಲ್ಲ. ಅಂಥ ಕಡೆ ಗಲ್ಲಿಯೇ ಕೋಚ್. ಜಾಗ ಸಣ್ಣದು, ಜನ ಜಾಸ್ತಿ, ಒಂದು ಚೆಂಡಿಗೆ ಹತ್ತು ಕಾಲು. ಈಗ ಪಾಠಪುಸ್ತಕದಲ್ಲಿ ಇದನ್ನೇ ಬರೆದು ಸರ್ಟಿಫಿಕೇಟ್ ಕೊಡ್ತಿದ್ದಾರೆ. ಸಂತೋಷವೇ.

ಇನ್ನು ಕಾಲೋನಿಯ ವಿಷಯ. ನಮ್ಮ ಹುಡುಗರೇನು ಕಮ್ಮಿ ಇಲ್ಲ. ಹತ್ತು ವರ್ಷದ ಒಬ್ಬಳನ್ನ ದಿನಾ ಗೋಲಿಗೆ ನಿಲ್ಲಿಸ್ತಿದ್ರು, ಹುಡುಗಿ ಅಂತ. ಎರಡು ಚಪ್ಪಲಿ ನಡುವೆ ಕೈಕಟ್ಟಿ ನಿಂತಿರ್ತಿದ್ಲು. ನಾಲ್ಕು-ನಾಲ್ಕರ ಆಟದಲ್ಲಿ ಗೋಲ್‌ಕೀಪರೇ ಇರಲ್ಲ. ಮೊದಲ ವಾರ ಹೊಸ ಆಟ ಶುರು ಮಾಡಿದಾಗ "ಹಂಗಾದ್ರೆ ನಾನೆಲ್ಲಿ ನಿಲ್ಲಲಿ ಅಕ್ಕಾ?" ಅಂದ್ಲು. "ನಿಲ್ಲಬೇಡ" ಅಂದೆ. ಈಗ ಅವಳ ಕಾಲಿಂದ ಚೆಂಡು ಕಿತ್ತುಕೊಳ್ಳೋದು ಅವಳ ಅಣ್ಣನಿಗೂ ಕಷ್ಟ. ಹಿಂದಿನಿಂದ ಯಾರಾದ್ರೂ ನುಗ್ಗಿದರೆ "ಬಂದ, ಬಂದ!" ಅಂತ ಕೂಗಿ ಹೇಳೋದನ್ನ ಮಕ್ಕಳೇ ಕಟ್ಟಿಕೊಂಡಿದ್ದಾರೆ. ನೀರಿನ ಟ್ಯಾಂಕ್ ಮುಂದಿನ ಜಾಗ ಇಪ್ಪತ್ತೈದು ಹೆಜ್ಜೆ ಉದ್ದ, ಹದಿನೈದು ಅಗಲ. ಇಷ್ಟು ಸಾಕು. ಅಲ್ಲೂ ಈಗ ಗಾಡಿ ಪಾರ್ಕಿಂಗ್ ಮಾಡ್ತೀವಿ ಅಂತ ಬಂದಿದ್ದಾರೆ. ಅದರ ಜಗಳ ನಡೀತಿದೆ.

ಟೂರ್ನಮೆಂಟ್ ಅರ್ಜಿ ಇನ್ನೂ ಕೊಟ್ಟಿಲ್ಲ. ಕೋಚ್ ಸಿಕ್ಕಿದ್ರೆ ಆಯ್ತಾ? ವಯಸ್ಸಿನ ದಾಖಲೆ ಕೇಳ್ತಾರೆ. ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಜನ ಜೂನ್ 1ಕ್ಕೇ ಹುಟ್ಟಿದ್ದಾರೆ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಕು. ನನ್ನದೂ ಅದೇ, ನಿಮ್ಮಲ್ಲೂ ಎಷ್ಟೋ ಜನರದ್ದು ಅದೇ. ಜನನ ಪ್ರಮಾಣಪತ್ರ ಇರೋದು ಐದು ಮಕ್ಕಳ ಹತ್ತಿರ. ಆ ಹುಡುಗಿ ಹತ್ತಿರ ಇಲ್ಲ.

ಹಾಗಾಗಿ ಎರಡು ಕೋರಿಕೆ. ತಡವಾದ ಜನನ ನೋಂದಣಿ ಮಾಡಿಸಿ ಗೊತ್ತಿರೋ ವಕೀಲ ಗೆಳೆಯರು ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ, ಒಂಬತ್ತು ಅರ್ಜಿ ಇವೆ. ಇನ್ನೊಂದು, ಚೆಂಡು. ದಾನ ಬಂದವೆಲ್ಲ ಐದನೇ ಸೈಜ್‌ನವು, 410ರಿಂದ 450 ಗ್ರಾಂ, ದೊಡ್ಡವರ ಚೆಂಡು. ನಮ್ಮ ಮಕ್ಕಳಿಗೆ ಬೇಕಾಗಿರೋದು ನಾಲ್ಕನೇ ಸೈಜ್. ಹಳೇದಾದ್ರೂ ಪರವಾಗಿಲ್ಲ, ಗಾಳಿ ನಿಂತರೆ ಸಾಕು. ಭಾನುವಾರ ಬೆಳಿಗ್ಗೆ ಆರೂವರೆಗೆ ಟ್ಯಾಂಕ್ ಹತ್ತಿರ ಇರ್ತೀವಿ.

ಜೈ ಭೀಮ್.