ಗೊತ್ತಿದ್ದ ಕಥೆ

ಶಿರಾ, ಮಧುಗಿರಿ, ಪಾವಗಡದ ಕಡೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಗೊತ್ತಿಲ್ಲದವರನ್ನು ಹುಡುಕುವುದು ಕಷ್ಟ. ದನ ಕಾಯ್ದ ವೀರ, ಚಿನ್ನಮ್ಮನ ಮಗ, ಬಡಮೈಲನೆಂಬ ಹೋರಿಯ ಒಡೆಯ. ಸೋದರಮಾವಂದಿರ ಹಗೆಗೆ ಸಿಕ್ಕಿ ವಿಷದಿಂದ ಸತ್ತು, ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ದೇವರಾಗಿ ನೆಲೆಸಿದವನು. ಇಷ್ಟು ಹೇಳಲು ಒಂದು ನಿಮಿಷ ಸಾಕು. ಆದರೆ ಗಣೆ ಹಿಡಿದು ಹಾಡಲು ಕೂತವನಿಗೆ ಇಡೀ ರಾತ್ರಿಯೂ ಸಾಲದು, ಕೇಳಲು ಕೂತವರೂ ಏಳುವುದಿಲ್ಲ. ಕಥೆ, ಕವಿತೆ ಎಂದು ಕಾಗದ ಖರ್ಚು ಮಾಡುವ ನನ್ನಂಥವರಿಗೆ ಇದು ತಲೆ ಕೆಡಿಸುವ ಸಂಗತಿ. ಮುಂದೇನಾಯಿತು ಎಂಬ ಕುತೂಹಲವೇ ಕಥೆಯ ಜೀವ ಎಂದು ನಂಬಿ, ಕೊನೆಯನ್ನು ಬಚ್ಚಿಡುವುದರಲ್ಲೇ ಅರ್ಧ ಆಯುಸ್ಸು ಕಳೆಯುವವರು ನಾವು. ಇಲ್ಲಿ ಬಚ್ಚಿಡಲು ಏನೂ ಇಲ್ಲ. ಕಥೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಬಲ್ಲವನೇ ಕಸುಬುದಾರ ಎಂಬುದು ನನ್ನ ವಾದ.

ಅವರು ಕೂರುವುದು ಭಕ್ತಿಗೆ, ಕಥೆಗಲ್ಲ ಎನ್ನಬಹುದು. ಬರೀ ಭಕ್ತಿಯಾದರೆ ಹಣ್ಣುಕಾಯಿ ಮಾಡಿಸಿ ಕೈಮುಗಿದರೆ ಮುಗಿಯಿತಲ್ಲ, ನಿದ್ದೆ ಕೆಡುವುದೇಕೆ? ದೇವರು ಒಬ್ಬನೇ ಆದರೂ ಹಾಡುವವರಲ್ಲಿ ಇವನು ಮೇಲು, ಅವನು ಸಪ್ಪೆ ಎಂಬ ವಿಮರ್ಶೆ ಹುಟ್ಟುವುದೇಕೆ? ಗಣೆಯನ್ನೇ ನೋಡಿ. ಅದು ಉದ್ದನೆಯ ಬಿದಿರಿನ ಕೊಳಲು. ಊದುವ ಬಾಯಿ ಹಾಡಲಾರದು, ಹಾಡುವ ಬಾಯಿ ಊದಲಾರದು. ಹಾಗಾಗಿ ಒಂದಷ್ಟು ಹಾಡಿದ ಮೇಲೆ ಮಾತು ನಿಂತು ನಾದ ಶುರುವಾಗುತ್ತದೆ. ವಿಷದ ಪ್ರಸಂಗ ಹತ್ತಿರ ಬಂದಾಗ ಈ ನಿಲುಗಡೆ ಏನು ಮಾಡಬಲ್ಲದು ಎಂದು ಯೋಚಿಸಿ. ಏನಾಗಲಿದೆ ಎಂದು ಜುಂಜಪ್ಪನಿಗೆ ಗೊತ್ತಿಲ್ಲ, ಕೂತವರಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಆ ನಾದ ಮುಗಿಯುವಷ್ಟು ಹೊತ್ತು ಸಂಕಟ. ಗೊತ್ತಿಲ್ಲದವನಿಗೆ ಅದು ಬರೀ ಕೊಳಲು.

ಅಚ್ಚುಕಟ್ಟಾದ ಸಾಕ್ಷಿ ಬೇಕೆಂದರೆ ಅಂದಿನ ಯುಗೊಸ್ಲಾವಿಯಾಕ್ಕೆ ಹೋಗಬೇಕು. 1935ರಲ್ಲಿ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ ಅಲ್ಲೊಂದು ಪರೀಕ್ಷೆ ಮಾಡಿದ. ಮುಮಿನ್ ಎಂಬ ಗಾಯಕ ಒಂದು ಕಥೆ ಹಾಡಿದ. ಅದುವರೆಗೆ ಆ ಕಥೆ ಕೇಳಿರದ ಅವ್ದೋ ಮೆಜೆದೊವಿಚ್ ಎಂಬ ಇನ್ನೊಬ್ಬ ಗಾಯಕ ಪಕ್ಕದಲ್ಲೇ ಕೂತು ಕೇಳಿ, ಆಮೇಲೆ ತಾನೂ ಅದನ್ನೇ ಹಾಡಿದ. ಮೊದಲಿನವನದು 2,294 ಸಾಲು, ಅವ್ದೋನದು 6,313. ಪ್ಯಾರಿಯ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ ತನ್ನ ಪುಸ್ತಕದಲ್ಲಿ ಇದನ್ನು ಬಿಡಿಸಿ ತೋರಿಸಿದ್ದಾನೆ. ಕಥೆ ಅದೇ, ಬೆಳೆದದ್ದು ವರ್ಣನೆ, ಪಾತ್ರಗಳ ಮನಸ್ಸಿನ ಒಳಗು. ನಮ್ಮಲ್ಲಿ ಕುಮಾರವ್ಯಾಸನಿಗೆ ಈ ಗುಟ್ಟು ಗೊತ್ತಿತ್ತು. ಅವನ ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು, ಆರನೆಯವಕ್ಕೆ 23. ಓಡಿ ಬಂದ ಉಸಿರು ಎರಡು ಕಡೆ ಉದ್ದವಾಗಲೇಬೇಕು, ಛಂದಸ್ಸೇ ಹಾಗೆ ಕಟ್ಟಿಕೊಂಡಿದೆ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಸಂದರ್ಭದಲ್ಲಿ ಆ ಗುಟ್ಟು ತಿಳಿಯದವನು ಇಡೀ ಗಮಕಸಭೆಯಲ್ಲಿ ಕರ್ಣನೊಬ್ಬನೇ. ಗಮಕ ಕೇಳಲು ಬಂದವರು ಅದನ್ನು ಎಷ್ಟನೆಯ ಸಲವೋ ಕೇಳುತ್ತಿರುತ್ತಾರೆ.

ಕಾದಂಬರಿ ಹಾಗಲ್ಲ, ಒಬ್ಬನೇ ಕೂತು ಮೊದಲ ಸಲ ಓದುವಂಥದ್ದು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಪಕ್ಕದ ಚಿತ್ರದುರ್ಗದ ಕಡೆ ನೋಡಿ. ತ.ರಾ.ಸು. ತಮ್ಮ ಕೊನೆಯ ಕಾದಂಬರಿಗೆ 'ದುರ್ಗಾಸ್ತಮಾನ' ಎಂದೇ ಹೆಸರಿಟ್ಟರು. ಕೋಟೆ 1779ರಲ್ಲಿ ಹೈದರಾಲಿಯ ಪಾಲಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವರಿಗೆ ರಕ್ಷಾಪುಟವೇ ಹೇಳಿಬಿಡುತ್ತದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ನೂ ಹಾಗೆಯೇ: 1834ರಲ್ಲಿ ಕೊಡಗು ಕೈತಪ್ಪುವುದು ನಿಶ್ಚಿತ. ಎರಡನ್ನೂ ಜನ ಮತ್ತೆ ಮತ್ತೆ ಓದಿದ್ದಾರೆ. ಹಾಗಾದರೆ ಪತ್ತೇದಾರಿ? ಒಪ್ಪಿದೆ, ಅಲ್ಲಿ ಮುಚ್ಚುಮರೆಯೇ ಬಂಡವಾಳ. ಆದರೂ ಎನ್. ನರಸಿಂಹಯ್ಯನವರ ಪುರುಷೋತ್ತಮ ಕೊನೆಗೆ ಗೆಲ್ಲುತ್ತಾನೆಂದು ಗೊತ್ತಿದ್ದೇ ಬಾಡಿಗೆ ಪುಸ್ತಕದಂಗಡಿಗೆ ಜನ ಹೋಗುತ್ತಿದ್ದರು!

ಅಚ್ಚಿನಲ್ಲಿ ಇನ್ನೊಂದು ತೊಡಕಿದೆ, ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಹಾಡಿನ ಮರುಕಳಿಕೆ ಪುಟದ ಮೇಲೆ ಬೇಸರ ತರಿಸುತ್ತದೆ. ಜುಂಜಪ್ಪನ ಕಾವ್ಯ ಪುಸ್ತಕವಾದಾಗ ಗಣೆಯ ಜಾಗದಲ್ಲಿ ಖಾಲಿ ಬಿಟ್ಟ ಸಾಲೂ ಉಳಿಯುವುದಿಲ್ಲ. ಹಾಡುವವನು ಎದುರಿನ ಮುಖ ನೋಡಿ ಚಿನ್ನಮ್ಮನ ದುಃಖ ಹಿಗ್ಗಿಸಬಹುದು, ತೂಕಡಿಸುವವರಿದ್ದರೆ ಹೋರಿಯನ್ನು ಬೇಗ ತರಬಹುದು. ಬರೆಯುವವನಿಗೆ ಆ ಮುಖ ಸಿಗದು. ಅವನ ಕೈಯಲ್ಲಿರುವುದು ವಾಕ್ಯದ ಉದ್ದ, ಪ್ಯಾರಾದ ಒಡಕು, ಬೇಡದ ಹೊತ್ತಿನಲ್ಲಿ ಬಾಗಿಲಿಗೆ ಬಂದು ಮಾತಾಡುತ್ತ ನಿಲ್ಲುವ ಪಾತ್ರ. ಕಥಾಕಮ್ಮಟಗಳಲ್ಲಿ ಅನಿರೀಕ್ಷಿತ ಮುಕ್ತಾಯ ಬರೆಸುವ ಬದಲು, ಮೊದಲ ಸಾಲಿನಲ್ಲೇ ಸಾವು ಹೇಳಿಬಿಟ್ಟು ಮೂರನೆಯ ಪುಟದವರೆಗೆ ಓದುಗನನ್ನು ಕೂರಿಸಿ ಎಂದು ಒಮ್ಮೆ ಹೇಳಿ ನೋಡಬೇಕು. ಅರ್ಧ ಜನ ಎರಡನೆಯ ಪುಟಕ್ಕೇ ಪೆನ್ನು ಕೆಳಗಿಡುತ್ತಾರೆ. ಉಳಿದರ್ಧದವರ ಕಥೆಯನ್ನು ನಾನು ಕಾಯ್ದು ಓದುತ್ತೇನೆ.