ಹುಲ್ಲು ಕತ್ತರಿಸುವ ಕೂಲಿ

ಬಡಾವಣೆಯ ಸುರಕ್ಷತೆಗೆ ಅನುದಾನ ಅಂದರೆ ಮೊದಲು ಹೊಳೆಯೋದು ಸಿಸಿಟಿವಿ. ಆದರೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಪಾಳು ಸೈಟುಗಳನ್ನು ಆರಿಸಿ ಒಂದು ಪ್ರಯೋಗ ಮಾಡಿದರು. ಕೆಲವುಗಳ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಬೆಳೆಸಿ, ನಾಲ್ಕು ಗಿಡ ನೆಟ್ಟು, ಮರದ ಗಿಡ್ಡ ಬೇಲಿ ಹಾಕಿದರು. ಜನ ಒಳಗೆ ಬರಲೆಂದು ಬೇಲಿಯಲ್ಲಿ ಸಂದು ಬೇರೆ! 2018ರ ವರದಿಯ ಪ್ರಕಾರ, ಕಡುಬಡವರ ಕೇರಿಗಳಲ್ಲಿ ಆ ಜಾಗಗಳ ಸುತ್ತ ಗುಂಡಿನ ಹಿಂಸೆ ಶೇ. 29ರಷ್ಟು ಇಳಿಯಿತು. ಪೊದೆಯೇ ಇಲ್ಲದಿದ್ದರೆ ಬಂದೂಕು ಬಚ್ಚಿಡೋದೆಲ್ಲಿ?

ಆದರೆ ಹುಲ್ಲು ಮತ್ತೆ ಬೆಳೆಯುತ್ತಲ್ಲ. ಇಂಥ ಸೈಟುಗಳನ್ನು ನೋಡಿಕೊಳ್ಳುವ ಅಲ್ಲಿನ ಲ್ಯಾಂಡ್‌ಕೇರ್ ಯೋಜನೆ ಕತ್ತರಿಸುವ ಕೆಲಸವನ್ನು ಕೇರಿಯ ಸಂಘಗಳಿಗೂ ವಹಿಸುತ್ತದೆ. ಗಿಡ ನೆಡೋದಕ್ಕಾದರೆ ದುಡ್ಡು ಕೊಡುವವರು ಸಿಗುತ್ತಾರೆ, ಫೋಟೋ ಬರುತ್ತೆ. ತಿಂಗಳು ತಿಂಗಳೂ ಹುಲ್ಲು ಕತ್ತರಿಸುವ ಕೂಲಿಗೆ ಅರ್ಜಿ ಹಾಕಿ ನೋಡಿ!