ಮಾದಪ್ಪನ ಬೆಟ್ಟದಲ್ಲಿ ಒಂದು ರಾತ್ರಿ

ಮಾದಪ್ಪನ ಬೆಟ್ಟದ ಬುಡದ ತಾಳುಬೆಟ್ಟದಲ್ಲಿ ಬಸ್ಸು ನಿಂತರೆ ಸುಮ್ಮನೆ ಕೂತಿರುವವರು ಕಡಿಮೆ. ಕೆಳಗಿಳಿದು ಈಡುಗಾಯಿ ಒಡೆದು, ಕರ್ಪೂರ ಹಚ್ಚಿ, ‘ಉಘೇ ಮಾದಪ್ಪ’ ಎಂದು ಕೂಗಿದ ಮೇಲೆಯೇ ಘಟ್ಟ ಹತ್ತುವುದು. ಕೆಲವರು ಚಪ್ಪಲಿ ಬಿಟ್ಟು ಇಲ್ಲಿಂದಲೇ ನಡೆಯುತ್ತಾರೆ. ಶಿವರಾತ್ರಿಗೆ ಬರುವ ಕನಕಪುರದ ಕಡೆಯವರ ನಡಿಗೆ ಇನ್ನೂ ದೊಡ್ಡದು. ಸಂಗಮದ ಹತ್ತಿರ ಕಾವೇರಿ ದಾಟಿ, ಆನೆ ಓಡಾಡುವ ಕಾಡಿನ ಹಾದಿ ಹಿಡಿದು, ಮೂಟೆ ಹೊತ್ತು, ಮಕ್ಕಳನ್ನೂ ಕಟ್ಟಿಕೊಂಡು ಬರುತ್ತಾರೆ. ಅವರ ಪಕ್ಕ ಸಾಲಿನಲ್ಲಿ ನಿಂತಾಗ, ಬಸ್ಸಿನಲ್ಲಿ ಬಂದ ನನಗೆ ಅವರ ಧೂಳು ಮೆತ್ತಿದ ಪಾದಗಳ ಮೇಲೆ ಗೌರವ ಉಕ್ಕುತ್ತದೆ.

ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ. ಈ ಹೆಸರುಗಳನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿ, ಎಷ್ಟು ರುಚಿ! ಏಳುಮಲೆ, ಎಪ್ಪತ್ತೇಳು ಮಲೆಯ ಒಡೆಯ ಎಂದು ಜನ ಹಾಡುವ ಮಾದಪ್ಪ ಇಲ್ಲಿಗೆ ಹುಲಿಯ ಬೆನ್ನೇರಿ ಬಂದವನು. ಸುತ್ತೂರು ಮಠದಲ್ಲಿ ರಾಗಿ ಬೀಸಿದವನೆಂದೂ ಅವನ ಕಥೆ ಹಾಡುವ ಜನಪದ ಕಾವ್ಯ ಹೇಳುತ್ತದೆ. ರಾಗಿ ಬೀಸಿದ ದೇವರೆಂದರೆ ಹೊಲ ಉಳುವವರಿಗೆ ಎಷ್ಟು ಹತ್ತಿರದವನಾಗುತ್ತಾನೆ!

ಪೂಜೆ ಬೇಡಗಂಪಣರದು. ಈ ಬೆಟ್ಟಗುಡ್ಡದಲ್ಲೇ ಹುಟ್ಟಿ ಬೆಳೆದ ತಮ್ಮಡಿಗಳು ಇವರು. ಅಮಾವಾಸ್ಯೆಗೆ ಎಣ್ಣೆ ಮಜ್ಜನ. ಹರಕೆ ಹೊತ್ತವರು ಮುಡಿ ಕೊಡುತ್ತಾರೆ, ಉರುಳುಸೇವೆ ಮಾಡುತ್ತಾರೆ, ಪಂಜು ಹಿಡಿದು ಗುಡಿ ಸುತ್ತುತ್ತಾರೆ. ದೀಪಾವಳಿಯಲ್ಲಂತೂ ಹಾಲರವೆ. ಬೇಡಗಂಪಣರ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಾಲರವೆ ಹಳ್ಳದ ನೀರನ್ನು ಕಳಸಗಳಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ತರುತ್ತಾರೆ. ಬೆಟ್ಟದ ದೇವರಿಗೆ ಬೆಟ್ಟದ ನೀರು, ತರುವವರು ಬೆಟ್ಟದ ಮಕ್ಕಳು. ಇದಕ್ಕಿಂತ ಚೆಂದದ ಅಭಿಷೇಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ನನ್ನನ್ನು ಮತ್ತೆ ಮತ್ತೆ ಈ ಬೆಟ್ಟಕ್ಕೆ ಎಳೆಯುವುದು ರಾತ್ರಿಯ ಹಾಡು. ಜಾತ್ರೆಯ ದಿನ ದರ್ಶನದ ಗದ್ದಲ ಕರಗಿದ ಮೇಲೆ ಪರಸೆಯ ಜನ ಕಂಬಳಿ ಹಾಸಿಕೊಂಡು ಕೂರುತ್ತಾರೆ. ಕೊರಳಲ್ಲಿ ರುದ್ರಾಕ್ಷಿ ತೊಟ್ಟ, ಮಾದಪ್ಪನ ಕಾವ್ಯ ಹಾಡುವ ದೇವರಗುಡ್ಡರು ಕಂಸಾಳೆ ಎತ್ತಿಕೊಳ್ಳುತ್ತಾರೆ. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದರಲ್ಲಿ ತಾಳ. ಯಾರೋ ‘ಸಂಕಮ್ಮನ ಸಾಲು ಹೇಳಪ್ಪ’ ಎಂದು ಆ ಕಾವ್ಯದ ಒಂದು ಭಾಗವನ್ನು ಕೇಳುತ್ತಾರೆ. ಸೋಲಿಗರ ನೀಲೇಗೌಡ ಜೇನಿಗೆ ಹೊರಟಿದ್ದಾನೆ. ಹೋಗುವ ಮುನ್ನ ಹೆಂಡತಿಯಿಂದ ಭಾಷೆ ಕೇಳುತ್ತಾನೆ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲ ಎಂದು. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ. ನಂಬಿಕೆಯಿದ್ದ ಮೇಲೆ ಭಾಷೆ ಯಾಕೆ? ಗಂಡ ಅವಳನ್ನು ನರಳುವಂತೆ ಬಿಟ್ಟು ಕಾಡಿಗೆ ಹೋದಾಗ, ಆ ಗುಡಿಸಲಿನ ಬಾಗಿಲಿಗೆ ಜಂಗಮನಾಗಿ ಬರುವವನು ಮಾದಪ್ಪ. ಬಂಜೆಯೆನಿಸಿಕೊಂಡಿದ್ದವಳಿಗೆ ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ.

ಈ ಭಾಗ ಬಂದಾಗ ಸುತ್ತ ಕೂತ ಹೆಂಗಸರ ಮುಖ ನೋಡಬೇಕು. ಕೆಲವರು ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ, ಕೆಲವರು ಹಲ್ಲು ಕಚ್ಚಿ ನೀಲೇಗೌಡನನ್ನು ಬಯ್ಯುತ್ತಾರೆ. ಹಿಮ್ಮೇಳದವರ ಸೊಲ್ಲಿಗೆ ಅವರೂ ದನಿ ಸೇರಿಸುತ್ತಾರೆ. ಓದು ಬರಹ ಗೊತ್ತಿಲ್ಲದವರೇ ತಲೆಮಾರುಗಳಿಂದ ನೆನಪಿನಲ್ಲಿ ಹೊತ್ತು ತಂದ ಈ ಮಹಾಕಾವ್ಯವನ್ನು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪುಸ್ತಕವಾಗಿ ತಂದರು. ನಮ್ಮ ನಾಡಿಗೆ ಅದು ದೊಡ್ಡ ಉಪಕಾರ. ಆದರೂ ಪುಟದಲ್ಲಿ ಓದುವ ಸಂಕಮ್ಮನಿಗೂ, ಚಳಿಯಲ್ಲಿ ಕಂಬಳಿಯೊಳಗೆ ಕೂತು ಕೇಳುವ ಸಂಕಮ್ಮನಿಗೂ ಅಂತರವಿದೆ. ಗುಡ್ಡನ ಗಂಟಲು ಒಡೆದು ದನಿ ಇಳಿಯುವ ಜಾಗ ಪುಸ್ತಕದಲ್ಲಿ ಸಿಗದು.

ಈಗ ಬೆಟ್ಟದಲ್ಲಿ 108 ಅಡಿಯ ಹುಲಿವಾಹನ ಮಾದಪ್ಪನ ಪ್ರತಿಮೆ ನಿಂತಿದೆ, ಜನ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ. ಲಾಡು ಪ್ರಸಾದವನ್ನೂ ಕಟ್ಟಿಸಿಕೊಳ್ಳಲಿ. ಆದರೆ ದರ್ಶನ ಮುಗಿಯಿತೆಂದು ಮಧ್ಯಾಹ್ನದ ಬಸ್ಸಿಗೆ ಓಡಬೇಡಿ. ಮುಂದಿನ ಜಾತ್ರೆಗೆ ಹೋದಾಗ ಒಂದು ರಾತ್ರಿ ಉಳಿಯಿರಿ. ಕಂಸಾಳೆ ಕೇಳಿಸಿದ ಕಡೆ ಹೋಗಿ ಕೂರಿ, ಹಾಡುವವರ ಜೋಳಿಗೆಗೆ ಕೈಲಾದಷ್ಟು ಹಾಕಿ, ಸಂಕಮ್ಮನ ಸಾಲನ್ನು ಪೂರ್ತಿ ಕೇಳಿಯೇ ಏಳಿ.